ಮಿಸ್ ಹೇವರ್ಡ್ ಅವರ ಮಣ್ಣು

ಸೇಲಮ್ ಕ್ರಾಸ್, ಸೌತ್ ಕೆರೊಲಿನಾ
ಮಾರ್ಚ್ 18, 1956

ಪ್ರೀತಿಯ ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಲಕೋಟೆ ಒಡೆದ ಕೂಡಲೇ ನೀವು ಈ ಮಾತನ್ನೇ ಹುಡುಕುತ್ತೀರೆಂದು ಮೊದಲೇ ಬರೆದಿದ್ದೇನೆ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ಇಲ್ಲಿಗೆ ಬರುವ ಕಾಗದಗಳ ಅಂಟು ಯಾರೋ ಬಿಚ್ಚಿ ಮತ್ತೆ ಮೆತ್ತಿದ ಹಾಗಿರುತ್ತದೆ. ನಿಮ್ಮ ಅಂತ್ಯಸಂಸ್ಕಾರ ಸಂಘದ ವಂತಿಗೆ ವಸೂಲಿಗೆ ಕಫಿ ಬ್ರಯನ್ ವಾರವಾರ ಬರುತ್ತಾರಲ್ಲ, ಇನ್ನು ಮುಂದೆ ಅವರ ಕೈಯಲ್ಲೇ ಕೊಡುತ್ತೇನೆ. ನೀವೂ ಹಾಗೇ ಮಾಡಿ.

ಬಿಳಿಯರ ಶಾಲೆಯವರು ಬೇಡವೆಂದು ಬಿಟ್ಟ ಭೂಗೋಳದ ಪುಸ್ತಕಗಳು ಈ ವಾರ ನಮಗೆ ಬಂದವು. ಮೊದಲ ಪುಟದಲ್ಲಿ ಯಾರ್ಯಾರದೋ ಹೆಸರು. ಅದರ ಕೆಳಗೆ ನಿಮ್ಮ ಹೆಸರು ಬರೆಯಿರಿ ಎಂದೆ. ಲವೀ ಎಂಬ ಪುಟ್ಟ ಹುಡುಗಿ ಕೇಳಿದಳು, "ಟೀಚರ್, ಹಂಗಾದ್ರೆ ಈ ಪುಸ್ತಕ ನಂದಾ, ಅವಳ್ದಾ?" ಓದಿದವರದ್ದು ಎಂದೆ. "ಹಂಗಾದ್ರೆ ನಂದೇ. ಅವಳು ಓದೇ ಇಲ್ಲ, ಪುಟ ಅಂಟ್ಕೊಂಡೇ ಇದಾವೆ" ಎಂದಳು.

ಈಗ ವಿಷಯ. ಕರಿಯರ ಮಕ್ಕಳೂ ಬಿಳಿಯರ ಮಕ್ಕಳೂ ಒಂದೇ ಶಾಲೆಯಲ್ಲಿ ಓದಬಹುದೆಂಬ ಮೊಕದ್ದಮೆ ಗೆದ್ದ ನಮ್ಮ ಹಕ್ಕಿನ ಸಂಘದಲ್ಲಿ ಸರ್ಕಾರಿ ಸಂಬಳದವರು ಇರಕೂಡದೆಂದು ಹೊಸ ಕಾನೂನು ಬಂದಿರುವುದು ನಿಮಗೆ ಗೊತ್ತು. ಮುಂದಿನ ಸೋಮವಾರ ಸೂಪರಿಂಟೆಂಡೆಂಟ್ ಬಂದು ನಮ್ಮನ್ನು ಒಬ್ಬೊಬ್ಬರಾಗಿ ಕೇಳುತ್ತಾನಂತೆ. ಇದನ್ನು ಹೇಳುವಾಗ ನಮ್ಮ ಹೆಡ್‌ಮಾಸ್ಟರ್ ಗೇನ್ಸ್ ಅವರ ಕೈಯಿಂದ ಸೀಮೆಸುಣ್ಣ ಎರಡು ಸಲ ಜಾರಿತು.

"ಕೇಳಿದ್ದಕ್ಕೆ ಚಿಕ್ಕದಾಗಿ ಉತ್ತರ ಕೊಡ್ರಮ್ಮ," ಎಂದರು.

"'ಹೌದು' ಅನ್ನೋದೂ ಚಿಕ್ಕದೇ ಅಲ್ವಾ ಸರ್?" ಎಂದೆ.

"ನೀನು ಹೆಣ ಹೂಳೋರ ಮಗಳು. ನಿಂಗೆ ಭಯ ಇಲ್ಲ. ನಂಗೆ ಐದು ಮಕ್ಳಿದಾರೆ."

ನನಗೆ ಭಯವಿಲ್ಲ ಎಂದವರು ಯಾರು? ನಾನು ಕಾಲೇಜಿನಿಂದಲೂ ಸಂಘದ ಸದಸ್ಯೆ. ಮೊದಲ ಚಂದಾ ಕಟ್ಟಿದವರೇ ನೀವು. ನಾನು ಏನು ಹೇಳಲಿ, ಅಪ್ಪ?

ನಿಮ್ಮ ಮಗಳು,
ವರ್ನೆಟ್ಟಾ

*

ಮೌಂಟ್ ಜಾಯ್
ಮಾರ್ಚ್ 22, 1956

ಮಗಳೇ,

ಕಾಗದ ತಲುಪಿತು. ಇಲ್ಲಿ ಆ ಪ್ರಶ್ನೆ ಕೇಳಿ ಆಯಿತು. ನಮ್ಮ ಶಾಲೆಯ ಟೀಚರ್ ಲುಯೆಲ್ಲಾ ಮೇಜಿಕ್ ಸುಳ್ಳು ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಕೆಲಸ ಹೋಯಿತು.

ಅಂದೇ ನಾವು ಮೂವರು ಕೂತು ಮಾತಾಡಿದೆವು: ಪಾದ್ರಿ ಸ್ಮಾಲ್ಸ್, ಹೆಂಗಸರ ತಲೆಗೂದಲು ಸಿಂಗರಿಸುವ ಅಂಗಡಿಯ ಓಲಾ ಅಕ್ಕ, ನಾನು. ಬಿಳಿಯರ ಕೈಕೆಳಗಿಲ್ಲದ ಹೊಟ್ಟೆಪಾಡು ಈ ಊರಿನಲ್ಲಿ ನಮ್ಮ ಮೂವರದು ಮಾತ್ರ. ಪ್ರಾರ್ಥನೆ, ಕೂದಲು, ಹೆಣ. ಕೆಲಸ ಕಳೆದುಕೊಂಡ ಟೀಚರುಗಳನ್ನು ನಾವೇ ನೋಡಿಕೊಳ್ಳುವುದೆಂದು ತೀರ್ಮಾನವಾಯಿತು. ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಹೇಳಿದವನು ನಾನೇ: "ನಮ್ಮ ಹೆಣ್ಣುಮಕ್ಕಳು ತಲೆ ತಗ್ಗಿಸೋದು ಬೇಡ. ಅವರ ಬೆನ್ನಿಗೆ ನಾವಿದೀವಿ."

ಮರುದಿನ ಹೆಂಗಸರು ಲುಯೆಲ್ಲಾಳ ಮನೆಗೆ ಪೌಂಡ್ ಹಾಕಲು ಹೋದರು. ಹೊಸ ಪಾದ್ರಿ ಬಂದಾಗ ಹೋಗುವ ಹಾಗೆಯೇ, ಬಿಳಿ ಉಡುಪು ತೊಟ್ಟು, ಹಾಡಿಕೊಂಡು, ತಲೆಗೊಂದು ಪೌಂಡ್ ಅಕ್ಕಿ, ಹಿಟ್ಟು, ಸಕ್ಕರೆ, ಹಂದಿಕೊಬ್ಬು. ಲುಯೆಲ್ಲಾ ಬಾಗಿಲಲ್ಲಿ ನಿಂತು ಅತ್ತಳು. ಓಲಾ ಅಕ್ಕ, "ಅಳಬೇಡ ಕಣೇ, ಹಿಟ್ಟು ಒದ್ದೆಯಾಗತ್ತೆ" ಎಂದಳು.

ಇನ್ನು ನಿನ್ನ ಪ್ರಶ್ನೆ.

ಇಲ್ಲ ಎಂದು ಹೇಳು. ಸೇಲಮ್ ಕ್ರಾಸ್ ನಮ್ಮೂರಿನಂಥದ್ದಲ್ಲ. ಅಲ್ಲಿಂದ ನನ್ನ ಬಳಿಗೆ ಎಂಥ ಹೆಣಗಳು ಬಂದಿವೆಯೆಂದು ನಿನಗೆ ಯಾವತ್ತೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಇಲ್ಲ ಎನ್ನುವುದು ಒಂದು ಮಾತಷ್ಟೇ. ದೇವರಿಗೆ ನಿಜ ಗೊತ್ತಿರುತ್ತದೆ.

ನಿನ್ನ ಅಪ್ಪ,
ಲೆಮ್ಯುಯೆಲ್ ಹೇವರ್ಡ್

*

ಸೇಲಮ್ ಕ್ರಾಸ್
ಮಾರ್ಚ್ 27, 1956

ಅಪ್ಪನಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಒಂದೇ ಹಾಳೆಯಲ್ಲಿ ಇಬ್ಬರು ಗಂಡಸರು ಬರೆದಿದ್ದರು. ಒಬ್ಬರು ಲುಯೆಲ್ಲಾಗೆ ಎದ್ದು ನಿಲ್ಲು ಎನ್ನುತ್ತಾರೆ, ಇನ್ನೊಬ್ಬರು ನನಗೆ ಮಂಡಿಯೂರು ಎನ್ನುತ್ತಾರೆ. ಬೇರೆಯವರ ಮಗಳಿಗೆ ಒಂದು ಮಾತು, ನಿಮ್ಮ ಮಗಳಿಗೆ ಒಂದು ಮಾತೇ?

ನಿನ್ನೆ ಸೂಪರಿಂಟೆಂಡೆಂಟ್ ಬಂದ. ಹ್ಯಾಟು ತೆಗೆಯದೆ ನನ್ನ ತರಗತಿಯಲ್ಲಿ ಮೇಜಿನ ಮೇಲೆ ಕೂತ. ಮಕ್ಕಳನ್ನು ಹೊರಗೆ ಕಳಿಸಲೇ ಎಂದರೆ, "ಇರಲಿ ಬಿಡು, ಅವೂ ಕೇಳ್ಲಿ" ಎಂದ.

"ಹೇಳು ವರ್ನೆಟ್ಟಾ, ಆ ಸಂಘದಲ್ಲಿದೀಯಾ ನೀನು?"

"ಮಕ್ಕಳೆದುರಿಗೆ ನನ್ನನ್ನು ಮಿಸ್ ಹೇವರ್ಡ್ ಅನ್ನಿ ಸರ್."

ಅವನು ನಕ್ಕ. "ನಿಮ್ಮಲ್ಲಿ ಮಿಸ್‌ಗಳು ಯಾವಾಗಿಂದ ಹುಟ್ಟಿದ್ರು? ಕರಿಯರ ಮನೆ ಹೆಸರು ನೆನಪಿಟ್ಕೊಳ್ಳೋದು ನನ್ನ ಕೆಲಸ ಅಲ್ಲ. ಇದೀಯೋ ಇಲ್ವೋ, ಅಷ್ಟು ಹೇಳು."

ಲವೀ ನನ್ನನ್ನೇ ನೋಡುತ್ತಿದ್ದಳು. ಅವಳು ನೋಡದಿದ್ದರೆ ನಾನೇನು ಹೇಳುತ್ತಿದ್ದೆನೋ ಗೊತ್ತಿಲ್ಲ. ಇದ್ದೇನೆ ಎಂದೆ.

"ಹಂಗಾದ್ರೆ ಇಲ್ಲಿಲ್ಲ" ಎಂದು ಬಾಗಿಲು ತೋರಿಸಿದ.

ಹೊರಗೆ ಗೇನ್ಸ್ ಮುಖ ತಿರುಗಿಸಿಕೊಂಡರು. ಆದರೆ ಸಂಜೆ ಮಕ್ಕಳ ತಾಯಂದಿರು ಬಂದು, ಓದು ನಿಲ್ಲಿಸಬೇಡಿ ಎಂದರು. ಇಲ್ಲಿಯ ಚರ್ಚಿನ ಹಿರಿಯರಾದ ಡೀಕನ್ ಸಿಂಗಲ್‌ಟನ್ ಅದರ ಹಿಂದಿನ ಕೋಣೆಯ ಬೀಗದ ಕೈ ಕೊಟ್ಟರು. ನಾಳೆಯಿಂದ ಅಲ್ಲಿ ಪಾಠ. ನಾನು ಮನೆಗೆ ಬರುವುದಿಲ್ಲ.

ವರ್ನೆಟ್ಟಾ ಹೇವರ್ಡ್

*

ಮೌಂಟ್ ಜಾಯ್
ಏಪ್ರಿಲ್ 1, ಈಸ್ಟರ್ ಭಾನುವಾರ

ಮಗಳೇ,

ಇಬ್ಬರಲ್ಲ, ಒಬ್ಬನೇ. ಹೆದರಿದವನು.

ಬರುವುದಿಲ್ಲ ಎಂದು ನೀನೇ ಬರೆದಿದ್ದೀಯ, ಮನೆಗೆ ಬಾ ಎಂದು ನಾನು ಹೇಳುವುದಿಲ್ಲ. ಕಿಟಕಿಯ ಹತ್ತಿರ ಕೂರಬೇಡ. ಒಂದೇ ದಾರಿಯಲ್ಲಿ ದಿನವೂ ಹೋಗಬೇಡ. ನಿನ್ನ ವಿಷಯ ಇಲ್ಲಿ ಯಾರಿಗೂ ತಿಳಿಸದಿರಲು ನೋಡಿದೆ. ಆದರೆ ಓಲಾ ಅಕ್ಕ ನನ್ನ ಮುಖ ನೋಡಿಯೇ ಹಿಡಿದುಬಿಟ್ಟಳು. "ಹೆಣದ ಮುಂದೆ ನಗ್ತಿದ್ದೋನು ನೀನು, ಈಗ ಮದುವೇಲೂ ಅಳೋ ಮುಖ ಹೊತ್ಕೊಂಡಿದೀಯಲ್ಲ, ಏನಾಯ್ತೋ?" ಎಂದಳು. ಹೇಳಿಬಿಟ್ಟೆ.

ಅಪ್ಪ

*

ಡೀಕನ್ ಸಿಂಗಲ್‌ಟನ್ ಅವರ ಮನೆ
ಏಪ್ರಿಲ್ 9, 1956

ಅಪ್ಪ,

ಬೇಗ ಬರೆಯುತ್ತಿದ್ದೇನೆ, ಕಫಿ ಕಾಯುತ್ತಿದ್ದಾರೆ.

ಶನಿವಾರ ಮಧ್ಯಾಹ್ನ ನಾನು ಟೆಂಪಿ ಅಜ್ಜಿಯ ಮನೆಯ ಜಗಲಿಯಲ್ಲಿ ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದೆ. ಆ ಮನೆಯಲ್ಲೇ ನಾನು ಬಾಡಿಗೆಗಿದ್ದೆ ಎಂಬುದು ಊರಿನ ಬಿಳಿಯರಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ದೂರದಿಂದ ಹಾಡು ಕೇಳಿಸಿತು. ನಾಲ್ಕು ಕಾರುಗಳು ಸಾಲಾಗಿ ಬಂದು ನಿಂತವು. ಇಳಿದವರು ನಮ್ಮೂರಿನ ಚರ್ಚಿನ ಹೆಂಗಸರು, ಬಿಳಿ ಉಡುಪು, ದೊಡ್ಡ ದೊಡ್ಡ ಹ್ಯಾಟು. ಎಲ್ಲರ ಮುಂದೆ ಓಲಾ ಅಕ್ಕ, ಕಂಕುಳಲ್ಲಿ ಹಿಟ್ಟಿನ ಚೀಲ.

ಅವರಿಗೆ ಮಾಡಿ ಗೊತ್ತಿದ್ದದ್ದು ಅದೊಂದೇ. ಪೌಂಡ್ ಹಾಕುವುದನ್ನು ಮೆಲ್ಲಗೆ ಮಾಡಲು ಬರುವುದಿಲ್ಲ, ಹಾಡದೆ ಕೊಟ್ಟರೆ ಅದು ಭಿಕ್ಷೆಯಾಗುತ್ತದೆ. ಅಕ್ಕಿ, ಸಕ್ಕರೆ, ಕೊಬ್ಬು, ಒಣ ಅವರೆಯ ರಾಶಿ ಜಗಲಿಯ ಮೇಲೆ ಸೊಂಟದೆತ್ತರ ಬೆಳೆಯಿತು. ನಾನು ಅವರನ್ನು ಅಪ್ಪಿಕೊಂಡೆ. ಓಲಾ ಅಕ್ಕನ ಹೆಗಲ ಮೇಲಿಂದ ನೋಡಿದರೆ ರಸ್ತೆಯಾಚೆ ಒಂದು ಟ್ರಕ್ಕು ನಿಂತಿತ್ತು. ಒಳಗಿದ್ದವರು ಇಳಿಯಲಿಲ್ಲ, ಕೂಗಲಿಲ್ಲ. ಒಬ್ಬ ಬೆರಳು ಚಾಚಿ ಮನೆಯ ಬಾಗಿಲನ್ನು ಇನ್ನೊಬ್ಬನಿಗೆ ತೋರಿಸಿದ, ಅಷ್ಟೇ.

ಭಾನುವಾರ ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಕಿಟಕಿಗಳು ಒಡೆದಿದ್ದವು. ನನ್ನ ಹಾಸಿಗೆಯ ಮೇಲೆ ಸೀಮೆಎಣ್ಣೆ ಸುರಿದಿತ್ತು. ಬೆಂಕಿ ಹಚ್ಚಿರಲಿಲ್ಲ. ಮುಂದಿನ ಸಲ ಹಚ್ಚುತ್ತೇವೆ ಎಂದು ತಿಳಿಯಲೆಂದೇ ಹಾಗೆ ಬಿಟ್ಟಿದ್ದರು. ಟೆಂಪಿ ಅಜ್ಜಿ ನನ್ನ ಕೈ ಹಿಡಿದು, "ಮಗಾ, ನೀನಂದ್ರೆ ನಂಗೆ ಇಷ್ಟ. ಆದ್ರೆ ನಂಗೆ ಇರೋದು ಇದೊಂದೇ ಮನೆ" ಎಂದರು. ನಾನು ಬಟ್ಟೆ ಗಂಟು ಕಟ್ಟಿದೆ.

ಈಗ ಡೀಕನ್ ಮನೆಯ ಒಳಕೋಣೆಯಲ್ಲಿದ್ದೇನೆ. ಚೀಲಗಳನ್ನೂ ಪುಸ್ತಕಗಳನ್ನೂ ಇಲ್ಲಿಗೇ ತಂದಿಟ್ಟಿದ್ದಾರೆ. ಊರಿಂದ ಹೊರಹೋಗಲು ಇರುವುದು ಸೇತುವೆಯ ದಾರಿ ಒಂದೇ. ಅಲ್ಲಿ ಪೊಲೀಸು ಶೆರೀಫನ ಡೆಪ್ಯುಟಿ ನಮ್ಮವರ ಪ್ರತಿ ಕಾರನ್ನೂ ನಿಲ್ಲಿಸಿ "ಆ ವರ್ನೆಟ್ಟಾ ಎಲ್ಲಿ?" ಎಂದು ಕೇಳುತ್ತಿದ್ದಾನಂತೆ. ಸಿಕ್ಕರೆ ಯಾರ ಕೈಗೆ ಕೊಡುತ್ತಾನೋ ಎಲ್ಲರಿಗೂ ಗೊತ್ತು.

ನೀವು ಹೇಳಿದ ಹಾಗೆ ಇಲ್ಲ ಅಂದುಬಿಡಬೇಕಿತ್ತು ಎಂದು ನಾನು ಬರೆಯುವುದಿಲ್ಲ. ಆದರೆ ಮನೆಗೆ ಬರಬೇಕು, ಅಪ್ಪ.

ವರ್ನೆಟ್ಟಾ

*

ಮೌಂಟ್ ಜಾಯ್
ಏಪ್ರಿಲ್ 10, 1956

ಮಗಳೇ,

ಓದಿ ಒಲೆಗೆ ಹಾಕು.

ಗುರುವಾರ ಬೆಳಿಗ್ಗೆ ಡೀಕನ್ ಮನೆಯಲ್ಲಿ ಒಂದು ಸಾವಾಗುತ್ತದೆ. ಸತ್ತವಳು ಬೈನಾ ರಿವರ್ಸ್ ಎಂಬ ತೊಂಬತ್ತು ವರ್ಷದ ಮುದುಕಿ. ಅಂಥವಳು ಯಾರೂ ಇಲ್ಲ. ಹಗಲು ಬೆಳಕಿನಲ್ಲೇ ನಾನು ಶವದ ಗಾಡಿ ತರುತ್ತೇನೆ. ಹಿಂದೆ ಹೆಂಗಸರ ಕಾರುಗಳು ಬರುತ್ತವೆ. ಅಂದು ಹಾಡಿಕೊಂಡು ಬಂದವರೇ ಈ ಸಲ ಕಪ್ಪುಟ್ಟು ಮುಖಪರದೆ ಹಾಕಿ, ಬಾಯಿ ಮುಚ್ಚಿಕೊಂಡು ಬರುತ್ತಾರೆ. ನಿನಗೂ ಉಡುಪು ತರುತ್ತಾರೆ. ಎಲ್ಲರ ನಡುವೆ ಕೂತುಬಿಡು.

ಈ ನಾಡಿನಲ್ಲಿ ಬಿಳಿಯನಾಗಲಿ ಕರಿಯನಾಗಲಿ ಶವಯಾತ್ರೆ ಬಂದರೆ ಗಾಡಿ ಬದಿಗೆ ನಿಲ್ಲಿಸಿ ಹ್ಯಾಟು ತೆಗೆಯುತ್ತಾನೆ. ಅವರ ತಾಯಂದಿರು ಅಷ್ಟನ್ನಾದರೂ ಕಲಿಸಿದ್ದಾರೆ. ದುಃಖದಲ್ಲಿರುವ ಹೆಂಗಸಿನ ಪರದೆಯನ್ನು ಯಾರೂ ಎತ್ತುವುದಿಲ್ಲ. ಎತ್ತುವುದಿಲ್ಲವೆಂದು ನಂಬಿದ್ದೇನೆ.

ಖಾಲಿ ಪೆಟ್ಟಿಗೆ ಹೊತ್ತವರ ಹೆಗಲು ನೋಡಿದರೇ ತಿಳಿದುಬಿಡುತ್ತದೆ. ಆ ಹಿಟ್ಟು, ಅಕ್ಕಿ, ಸಕ್ಕರೆಯನ್ನೆಲ್ಲ ಪೆಟ್ಟಿಗೆಗೆ ತುಂಬಿಸುತ್ತೇನೆ. ಸಾಲದಿದ್ದರೆ ನಿನ್ನ ಪುಸ್ತಕಗಳು. ಯಾರಾದರೂ ಮೊದಲೇ ಬಂದು ನೋಡಿದರೆ ಎಂದು ಇಲ್ಲಿಯ ಸ್ಮಶಾನದಲ್ಲಿ ಗುಂಡಿಯನ್ನೂ ತೋಡಿಸಿದ್ದೇನೆ. ಪೆಟ್ಟಿಗೆ ಅಲ್ಲಿಯವರೆಗೆ ಹೋಗುವುದಿಲ್ಲ.



ಅಪ್ಪ

*

ದ್ವೀಪದಿಂದ
ಏಪ್ರಿಲ್ 20, 1956

ಪ್ರೀತಿಯ ಅಪ್ಪನಿಗೆ,

ದೋಣಿ ಸರಿಯಾಗಿ ತಲುಪಿತು. ಪಾದ್ರಿ ಸ್ಮಾಲ್ಸ್ ಹೇಳಿದ ಹಾಗೆಯೇ ಇಲ್ಲಿಯ ಶಾಲೆ ಚರ್ಚಿನದು. ಸರ್ಕಾರದ ಸಂಬಳವಿಲ್ಲ, ಹಾಗಾಗಿ ಸರ್ಕಾರದ ಪ್ರಶ್ನೆಯೂ ಇಲ್ಲ. ಪಾಠ ಮುಂದಿನ ತಿಂಗಳು ಶುರು.

ಅಂದು ಸ್ಮಶಾನದಿಂದ ನೇರವಾಗಿ ನನ್ನನ್ನು ದೋಣಿಗೆ ಹತ್ತಿಸಿದಿರಿ, ನಮಗೆ ಮಾತಾಡಲು ಆಗಲೇ ಇಲ್ಲ. ನಾನು ಕಂಡದ್ದನ್ನು ಬರೆಯುತ್ತೇನೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ನಾನು ಎರಡನೆಯ ಕಾರಿನಲ್ಲಿ ಓಲಾ ಅಕ್ಕನಿಗೂ ಲುಯೆಲ್ಲಾಗೂ ನಡುವೆ ಕೂತಿದ್ದೆ. ಸೇತುವೆಯ ಹತ್ತಿರ ಡೆಪ್ಯುಟಿ ಕೈ ಎತ್ತಿದ. ಅವನು ಶವದ ಗಾಡಿಯ ಕಿಟಕಿಗೆ ಬಗ್ಗಿದ. ನಮ್ಮ ಗಾಜು ಇಳಿದಿತ್ತು, ಎಲ್ಲ ಕೇಳಿಸುತ್ತಿತ್ತು.

"ಏನೋ ಲೆಮ್, ಯಾರೋ ಹೋದದ್ದು?"

ಬೈನಾ ರಿವರ್ಸ್ ಎನ್ನಿ, ಬೈನಾ ರಿವರ್ಸ್ ಎನ್ನಿ ಎಂದು ನಾನು ಪರದೆಯೊಳಗೆ ತುಟಿ ಅಲ್ಲಾಡಿಸಿದೆ. ಆಮೇಲೆ ನಿಮ್ಮ ದನಿ ಕೇಳಿಸಿತು. ಅಂಥ ದನಿ ನಾನು ಅಮ್ಮ ಹೋದಾಗಲೂ ಕೇಳಿರಲಿಲ್ಲ.

"ನನ್ನ ಮಗಳು, ಸರ್."

"ನಿಂಗೆ ಮಗಳಿದ್ಲಾ? ನಂಗೆ ಗೊತ್ತೇ ಇರ್ಲಿಲ್ವಲ್ಲೋ. ಹೆಸರೇನು?"

ಲುಯೆಲ್ಲಾಳ ಉಗುರು ನನ್ನ ಅಂಗೈಯೊಳಗೆ ಇಳಿಯಿತು.

"ಮಿಸ್ ಹೇವರ್ಡ್ ಅಂತ, ಸರ್."

ಅಪ್ಪ, ಬಿಳಿಯನೊಬ್ಬನ ಮುಂದೆ ನೀವು ನಮ್ಮ ಹೆಣ್ಣೊಬ್ಬಳಿಗೆ ಮಿಸ್ ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಅದಕ್ಕೇ ಹೊಡೆಯುತ್ತಿದ್ದ. ಸತ್ತವಳಲ್ಲವೇ ಎಂದು ಬಿಟ್ಟ.

"ಹೇವರ್ಡ್... ಕೇಳಿಲ್ಲ ಯಾವತ್ತೂ," ಎಂದ. ಹ್ಯಾಟು ತೆಗೆದ. "ದಾರೀಲಿ ವರ್ನೆಟ್ಟಾ ಅಂತ ಒಬ್ಬ ಟೀಚರಮ್ಮ ಏನಾದ್ರೂ ಕಂಡ್ಲಾ?"

"ಇಲ್ಲ ಸರ್."

ಅವರು ನಮ್ಮ ಮನೆ ಹೆಸರನ್ನು ಒಂದು ದಿನವಾದರೂ ಕೇಳಿ ತಿಳಿದಿದ್ದರೆ ನಾನು ಇವತ್ತು ಬದುಕಿರುತ್ತಿರಲಿಲ್ಲ.

ಇನ್ನು ಆಯಿತು ಎಂದು ಉಸಿರು ಬಿಡುವಾಗ ಅವನು, "ಮಗಳು ಅಂದ್ರೆ ಸಣ್ಣ ಮಾತಲ್ಲ ಲೆಮ್. ನಾನು ಮುಂದೆ ಹೋಗ್ತೀನಿ, ದಾರಿ ಬಿಡಿಸ್ಕೊಡ್ತೀನಿ. ಹಿಂದೇನೇ ಬಾ" ಎಂದ. ದೇವರೇ, ಅವನು ಕರುಣೆ ತೋರಿಸಿದ. ಸೀಮೆಎಣ್ಣೆಗಿಂತ ಅದಕ್ಕೇ ನಾನು ಹೆಚ್ಚು ಹೆದರಿದ್ದು. ಮೌಂಟ್ ಜಾಯ್‌ವರೆಗೂ ಅವನ ಕಾರಿನ ಕೆಂಪು ದೀಪ ನಮ್ಮ ಮುಂದೆಯೇ ಇತ್ತು. ಸ್ಮಶಾನದ ಬೇಲಿಯ ಹತ್ತಿರ ಹ್ಯಾಟು ಎದೆಗೊತ್ತಿಕೊಂಡು ನಿಂತ, ಹೋಗಲಿಲ್ಲ. ಹಾಗಾಗಿ ಎಲ್ಲವನ್ನೂ ಮಾಡಲೇಬೇಕಾಯಿತು. ಪಾದ್ರಿ ಪ್ರಾರ್ಥಿಸಲೇಬೇಕಾಯಿತು. ಹೆಂಗಸರು ಅಳಲೇಬೇಕಾಯಿತು. ಹಿಟ್ಟು, ಅಕ್ಕಿ, ಲವೀಯ ಭೂಗೋಳದ ಪುಸ್ತಕ ಎಲ್ಲ ಗುಂಡಿಗಿಳಿದವು.

ಓಲಾ ಅಕ್ಕ ನಟಿಸುತ್ತಿರಲಿಲ್ಲ. "ನನ್ನ ಹಾಡೇ ನಿನ್ನನ್ನ ಇಲ್ಲಿಗೆ ತಂತಲ್ಲೇ" ಎಂದು ಪೆಟ್ಟಿಗೆಯ ಮೇಲೆ ಬಿದ್ದು ಅಳುತ್ತಿದ್ದಳು. ನಾನು ಅವಳ ತೋಳು ಹಿಡಿದು ಎಬ್ಬಿಸಿದೆ. ಆಮೇಲೆ ನನ್ನ ಸರದಿ ಬಂತು. ಬಗ್ಗಿ ಹಿಡಿ ಮಣ್ಣು ತೆಗೆದು ನನ್ನ ಮೇಲೆ ಹಾಕಿದೆ.

ಯಾಕೆ ಹಾಗೆ ಹೇಳಿದಿರಿ, ಅಪ್ಪ?

ವರ್ನೆಟ್ಟಾ

*

ಮೌಂಟ್ ಜಾಯ್
ಮೇ 3, 1956

ಮಗಳೇ,

ಬೇಕೆಂದು ಹೇಳಿದ್ದಲ್ಲ. ಮುದುಕಿಯ ಹೆಸರನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಆದರೆ ನಿನ್ನ ಮೊದಲ ಕಾಗದ ಬಂದ ದಿನದಿಂದ ನಾನು ಮುಚ್ಚಿದ ಪ್ರತಿ ಪೆಟ್ಟಿಗೆಯಲ್ಲೂ ನೀನೇ ಕಾಣುತ್ತಿದ್ದೆ. ಯಾರು ಹೋದದ್ದು ಎಂದು ಅವನು ಕೇಳಿದಾಗ, ಅಷ್ಟು ದಿನದಿಂದ ನನ್ನೊಳಗೆ ಇದ್ದದ್ದು ಬಾಯಿಗೆ ಬಂತು. ನಿನ್ನನ್ನು ಹೂಳಿದ ಜಾಗ ನಿನ್ನ ಅಮ್ಮನ ಪಕ್ಕ ನಾನು ನನಗೆಂದು ಇಟ್ಟುಕೊಂಡದ್ದು.

ಒಂದು ಮಾತಷ್ಟೇ ಎಂದು ನಿನಗೆ ಬರೆದಿದ್ದೆ. ನನ್ನ ಒಂದು ಮಾತು ಏನು ಮಾಡಿತೆಂದು ಕೇಳು.

ಮೊನ್ನೆ ಡೆಪ್ಯುಟಿ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ತೆಂಗಿನಕಾಯಿ ಕೇಕು. "ನನ್ನ ಹೆಂಡ್ತಿ ಮಾಡಿದ್ದು. ಹೆಣ್ಣುಮಗು ಕಳ್ಕೊಂಡೋರ ಮನೆಗೆ ಬರಿಗೈಲಿ ಹೋಗ್ಬೇಡ ಅಂದ್ಲು" ಎಂದು ಕೂತ. ಏನಾಗಿತ್ತು ಎಂದ, ಜ್ವರ ಎಂದೆ. ಏನು ಕೆಲಸ ಮಾಡುತ್ತಿದ್ದಳು ಎಂದ. ಹೊಲಿಗೆ ಎಂದೆ. ಹೊರಡುವಾಗ, "ಕಲ್ಲು ಯಾವಾಗ ನಿಲ್ಲಿಸ್ತೀಯೋ ಲೆಮ್? ಹಾದು ಹೋಗ್ವಾಗ ನೋಡಿದೆ, ಮಣ್ಣು ಬರಿದಾಗಿ ಬಿದ್ದಿದೆ. ಚೆನ್ನಾಗಿರಲ್ಲ" ಎಂದ.

ಅವನು ಕೆಟ್ಟದ್ದಕ್ಕೆ ಕೇಳಿದ್ದಲ್ಲ. ಅದಕ್ಕೇ ಮತ್ತೆ ಬರುತ್ತಾನೆ. ಅವನೂ ಸೂಪರಿಂಟೆಂಡೆಂಟನೂ ಒಂದೇ ಅಂಗಡಿಯಲ್ಲಿ ಕಾಫಿ ಕುಡಿಯುವವರು. ಯಾವತ್ತಾದರೂ ಅಲ್ಲಿ ನಿನ್ನ ಮನೆ ಹೆಸರು ಮಾತಿಗೆ ಬಂದರೆ ಎಲ್ಲ ಮುಗಿಯಿತು, ನಾನು, ಓಲಾ, ಪಾದ್ರಿ, ಡೀಕನ್. ಹಾಗಾಗಿ ಕೇಳಬಾರದ್ದನ್ನು ಕೇಳುತ್ತಿದ್ದೇನೆ. ಅಲ್ಲಿ ನೀನು ವರ್ನೆಟ್ಟಾ ಹೇವರ್ಡ್ ಆಗಿರಬೇಡ. ಆ ಮುದುಕಿಯ ಹೆಸರು ಯಾರಿಗೂ ಬೇಡವಾಗಿ ಉಳಿದಿದೆ. ಅದನ್ನು ತೆಗೆದುಕೋ. ಮನೆಗೆ ಯಾವಾಗ ಬರಬಹುದೆಂದು ನನ್ನನ್ನು ಕೇಳಬೇಡ.

ಕಳೆದ ಭಾನುವಾರ ಹೊಸ ಟೀಚರಮ್ಮನೊಬ್ಬಳು ಚರ್ಚಿನಲ್ಲಿ ನನ್ನನ್ನು, "ನನ್ನನ್ನೂ ಕೇಳ್ತಾರಂತೆ, ಏನು ಹೇಳ್ಲಿ ಅಣ್ಣಾ?" ಎಂದು ಕೇಳಿದಳು. ನಾನು ಲುಯೆಲ್ಲಾಳ ಕಡೆ ನೋಡಿದೆ. ಲುಯೆಲ್ಲಾ ಎದ್ದು ಹೇಳಿದಳು: "ನಿಂಗೆ ಏನು ಹೇಳಕ್ಕಾಗತ್ತೋ ಅದನ್ನ ಹೇಳು. ಹೌದು ಅಂದ್ರೂ ಅಕ್ಕಿ ತರ್ತೀವಿ, ಇಲ್ಲ ಅಂದ್ರೂ ಅಕ್ಕಿ ತರ್ತೀವಿ."

"ಹಾಡಲ್ಲ ಮಾತ್ರ," ಎಂದಳು ಓಲಾ ಅಕ್ಕ. ಯಾರೂ ನಗಲಿಲ್ಲ.

ಆ ಕೇಕನ್ನು ಯಾರೂ ಮುಟ್ಟಿಲ್ಲ, ಎಸೆಯಲೂ ಧೈರ್ಯವಿಲ್ಲ. ಕಲ್ಲು ನಿಲ್ಲಿಸಲೇಬೇಕು. ಅದರ ಮೇಲೆ ಏನು ಕೆತ್ತಿಸಲಿ?

ಅಪ್ಪ

*

ದ್ವೀಪದಿಂದ
ಮೇ 10, 1956

ಪ್ರೀತಿಯ ಅಪ್ಪನಿಗೆ,

ನಿಮ್ಮ ಕಾಗದ ಶಾಲೆ ಶುರುವಾಗುವ ಹಿಂದಿನ ದಿನ ಬಂತು. ರೇಗಿತು. ಮಕ್ಕಳ ಮುಂದೆ ಸುಳ್ಳು ಹೇಳಲಾರದೆ ನಾನು ಎಲ್ಲವನ್ನೂ ಕಳೆದುಕೊಂಡೆ, ಈಗ ನೀವು ಮಕ್ಕಳ ಮುಂದೆಯೇ ಸುಳ್ಳು ಹೇಳು ಎನ್ನುತ್ತೀರಲ್ಲ ಎನ್ನಿಸಿತು. ಹೇಳುವುದಿಲ್ಲ ಎಂದುಕೊಂಡೇ ತರಗತಿಗೆ ಹೋದೆ.

ಮುಂದಿನ ಸಾಲಿನಲ್ಲಿ ಲವೀಯಷ್ಟೇ ಎತ್ತರದ ಒಬ್ಬ ಹುಡುಗಿ. ಮೀನಿನ ವಾಸನೆಯ ಕೈ ಎತ್ತಿ, "ನಿಮ್ ಹೆಸ್ರೇನು ಟೀಚರ್?" ಎಂದಳು.

ಸೀಮೆಸುಣ್ಣ ತೆಗೆದುಕೊಂಡೆ. ಕಪ್ಪು ಹಲಗೆಯ ಕಡೆ ತಿರುಗಿದಾಗ ನನಗೆ ಕಂಡದ್ದು ಸೂಪರಿಂಟೆಂಡೆಂಟ್ ಅಲ್ಲ. ಕೇಕು ಎದುರಿಗಿಟ್ಟುಕೊಂಡು ಕೂತ ನೀವು. ಅಂದು ಅವನು ಕೇಳಿದಾಗ ಕಳೆದುಕೊಳ್ಳುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಅದಕ್ಕೇ ಹೌದು ಎನ್ನಲು ಬಂತು. ಇಲ್ಲ ಎಂದು ಹೇಳು ಎಂಬ ಆ ಮಾರ್ಚ್ ಕಾಗದವನ್ನು ನೀವು ಎಂಥ ಭಯದಲ್ಲಿ ಬರೆದಿರಬಹುದೆಂದು ಅಲ್ಲಿ ನಿಂತಾಗ ತಿಳಿಯಿತು. ಸೀಮೆಸುಣ್ಣ ಗೇನ್ಸ್ ಅವರ ಕೈಯಿಂದ ಜಾರಿದ ಹಾಗೆಯೇ ನನ್ನ ಕೈಯಿಂದಲೂ ಜಾರಿತು. ಎತ್ತಿಕೊಂಡು ನೀವು ಹೇಳಿದ್ದನ್ನೇ ಬರೆದೆ. ಮಕ್ಕಳು ಒಟ್ಟಿಗೆ ಓದಿದರು. ಚೆನ್ನಾಗಿ ಓದುತ್ತಾರೆ.

ಅದು ಒಂದು ಮಾತಷ್ಟೇ ಅಲ್ಲ, ಅಪ್ಪ. ನಿಮಗೂ ಗೊತ್ತಿತ್ತು.

ದೋಣಿ ಬರುವ ಸದ್ದಾದರೆ ಈಗಲೂ ಕಿಟಕಿಯಿಂದ ಹಿಂದೆ ಸರಿಯುತ್ತೇನೆ. ಇಲ್ಲಿಯವರು ನೋಡಿಯೂ ನೋಡದ ಹಾಗಿರುತ್ತಾರೆ. ಶುಕ್ರವಾರ ನನ್ನ ಮೆಟ್ಟಿಲ ಮೇಲೆ ಒಂದು ಪೌಂಡ್ ಅಕ್ಕಿ ಇತ್ತು, ಶನಿವಾರ ಇನ್ನೊಂದು. ಇಟ್ಟು ಹೋದವರ ಹೆಜ್ಜೆಯ ಸದ್ದೂ ಕೇಳಿಸಲಿಲ್ಲ.

ಕಲ್ಲು ನಿಲ್ಲಿಸಿ. ಚಿಕ್ಕದಾದರೂ ಸಾಕು. ವರ್ನೆಟ್ಟಾ ಎಂದು ಕೆತ್ತಿಸಬೇಡಿ, ಆ ಹೆಸರನ್ನು ಅವರು ಬಲ್ಲರು. ಮಿಸ್ ಹೇವರ್ಡ್ ಎಂದಷ್ಟೇ ಇರಲಿ. ಕಲ್ಲು ಕಡಿಯುವವನು ಜಾಗ ಸಾಲದು ಎಂದರೂ ಮಿಸ್ ಬಿಡಿಸಬೇಡಿ. ಆ ಡೆಪ್ಯುಟಿ ಹಾದು ಹೋಗುವಾಗಲೆಲ್ಲ ಓದಲಿ.

ಇಂತಿ,
ಬೈನಾ ರಿವರ್ಸ್